ಸಿ ಕೋಡಿನಲ್ಲಿ ಕಾಮೆಂಟ್: ಕಂಪೈಲರ್ ಓದದ ಸಾಲುಗಳನ್ನು ಬರೆಯುವುದು ಹೇಗೆ

ಸಿ ಪ್ರೋಗ್ರಾಮಿನಲ್ಲಿ ಸುಳ್ಳು ಬರೆದರೂ ಯಾರೂ ಕೇಳದ ಜಾಗ ಅಂದರೆ ಕಾಮೆಂಟ್. ಸೆಮಿಕೋಲನ್ ಮರೆತರೆ ಕಂಪೈಲರ್ ಮುಂದೆ ಹೋಗಲು ಬಿಡುವುದಿಲ್ಲ, ಟೈಪ್ ಹೊಂದದಿದ್ದರೆ ಎಚ್ಚರಿಸುತ್ತದೆ, ಲೆಕ್ಕ ತಪ್ಪಿದರೆ ಟೆಸ್ಟ್ ಫೇಲ್ ಆಗುತ್ತದೆ. ಕಾಮೆಂಟಿನಲ್ಲಿರುವ ತಪ್ಪು ಮಾತ್ರ ವರ್ಷಗಟ್ಟಲೆ ಅಲ್ಲೇ ಕೂತು, ಓದಿದವರನ್ನೆಲ್ಲ ದಾರಿ ತಪ್ಪಿಸುತ್ತಿರುತ್ತದೆ. ಹಾಗಾಗಿ ನನ್ನ ನಿಲುವು ಇಷ್ಟೇ: ವೇರಿಯಬಲ್ ಹೆಸರಿನಲ್ಲೋ ಟೈಪಿನಲ್ಲೋ ಅಸರ್ಟಿನಲ್ಲೋ (ಷರತ್ತು ಸರಿಯಿದೆಯೇ ಎಂದು ಪರೀಕ್ಷಿಸುವ ಸಾಲು) ಹೇಳಲು ಆಗುವುದನ್ನು ಅಲ್ಲೇ ಹೇಳಿ ಮುಗಿಸಬೇಕು. ಎಲ್ಲೂ ಹೇಳಲಾಗದೆ ಉಳಿದದ್ದು ಕಾಮೆಂಟಿಗೆ.

ಏನು ಬರೆಯಬೇಕು ಅನ್ನುವುದಕ್ಕೆ ಆಮೇಲೆ ಬರುತ್ತೇನೆ. ಮೊದಲು ಚಿಹ್ನೆಗಳ ವಿಷಯ, ಯಾಕೆಂದರೆ ಸಿ ಭಾಷೆಯಲ್ಲಿ ಕಾಮೆಂಟಿನ ಚಿಹ್ನೆಗಳೇ ಕೋಡನ್ನು ಸದ್ದಿಲ್ಲದೆ ನುಂಗಿಬಿಡುವ ಸಂದರ್ಭಗಳಿವೆ. ಕೆಳಗಿನ ಉದಾಹರಣೆಗಳಲ್ಲಿ ಕೀವರ್ಡ್‌ಗಳನ್ನೂ ಕಮಾಂಡ್‌ಗಳನ್ನೂ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಅವನ್ನು ಮೂಲ ರೂಪದಲ್ಲೇ ಬರೆಯಬೇಕು. ವೇರಿಯಬಲ್ ಹೆಸರುಗಳನ್ನು ಕನ್ನಡದಲ್ಲೇ ಇಟ್ಟರೂ ನಡೆಯುತ್ತದೆ, ಜಿಸಿಸಿ ಕಂಪೈಲರ್ 10ನೇ ಆವೃತ್ತಿಯಿಂದ ಮುಂದಕ್ಕೆ ಯುಟಿಎಫ್-8 ಹೆಸರುಗಳನ್ನು ನೇರವಾಗಿ ಒಪ್ಪುತ್ತದೆ.

ಎರಡು ಬಗೆ, ಒಂದು ಸ್ಪೇಸ್

ಸಿ ಭಾಷೆಗೆ ಮೊದಲಿನಿಂದಲೂ ಇದ್ದದ್ದು /* ಮತ್ತು */ ಜೋಡಿ. ಎರಡು ಸ್ಲ್ಯಾಷ್‌ನ // ಬಗೆ ಬಿಸಿಪಿಎಲ್ ಎಂಬ ಹಳೆಯ ಭಾಷೆಯಲ್ಲಿತ್ತು, ಸಿ ಅದನ್ನು ತೆಗೆದುಕೊಳ್ಳಲಿಲ್ಲ. ಸಿ++ ಮತ್ತೆ ತಂದಿತು. ಸಿ ಸ್ಟ್ಯಾಂಡರ್ಡಿಗೆ ಅದು ಅಧಿಕೃತವಾಗಿ ಸೇರಿದ್ದು 1999ರ ಆವೃತ್ತಿಯಲ್ಲಿ, ಅಂದರೆ ಸಿ99ರಲ್ಲಿ. ಹಳೆಯ ಎಂಬೆಡೆಡ್ ಕಂಪೈಲರಿಗೋ, 1990ರ ಸ್ಟ್ಯಾಂಡರ್ಡಿನ ಸಿ90 ಮೋಡ್‌ಗೋ ಬರೆಯಬೇಕಾದರೆ /* */ ಬಿಟ್ಟು ಬೇರೆ ದಾರಿಯಿಲ್ಲ.

ಕಾಮೆಂಟ್ ಯಾವಾಗ ಮಾಯವಾಗುತ್ತದೆ ಅನ್ನುವುದು ಗೊತ್ತಿದ್ದರೆ ಮುಂದಿನ ಗೊಂದಲಗಳೆಲ್ಲ ತಾವಾಗಿ ಬಿಡಿಸಿಕೊಳ್ಳುತ್ತವೆ. ಸ್ಟ್ಯಾಂಡರ್ಡ್ ಪ್ರಕಾರ ಸಿ ಫೈಲು 8 ಹಂತಗಳಲ್ಲಿ ಪ್ರೋಗ್ರಾಮ್ ಆಗುತ್ತದೆ. 2ನೇ ಹಂತದಲ್ಲಿ ಸಾಲಿನ ಕೊನೆಯ ಬ್ಯಾಕ್‌ಸ್ಲ್ಯಾಷ್ ತೆಗೆದು ಮುಂದಿನ ಸಾಲನ್ನು ಜೋಡಿಸಲಾಗುತ್ತದೆ. 3ನೇ ಹಂತದಲ್ಲಿ ಫೈಲನ್ನು ಟೋಕನ್‌ಗಳಾಗಿ (ಹೆಸರು, ಸಂಖ್ಯೆ, ಚಿಹ್ನೆಗಳ ತುಂಡುಗಳಾಗಿ) ಒಡೆದು, ಒಂದೊಂದು ಕಾಮೆಂಟನ್ನೂ ಒಂದೊಂದು ಸ್ಪೇಸ್ ಆಗಿ ಬದಲಿಸಲಾಗುತ್ತದೆ. 4ನೇ ಹಂತದಲ್ಲಿ ಮ್ಯಾಕ್ರೊ (ಬೇರೆ ಪಠ್ಯದ ಬದಲಿಗೆ ಇಟ್ಟ ಹೆಸರು) ಬಿಡಿಸುವುದು, ಇನ್‌ಕ್ಲೂಡ್, ಇಫ್‌ಡೆಫ್ ಇತ್ಯಾದಿ. ಈ ಕ್ರಮ ನೆನಪಿರಲಿ: ಮೊದಲು ಸಾಲು ಜೋಡಣೆ, ಆಮೇಲೆ ಕಾಮೆಂಟ್, ಕೊನೆಗೆ ಮ್ಯಾಕ್ರೊ.

ಕಾಮೆಂಟ್ ಸ್ಪೇಸ್ ಆಗುತ್ತದೆ, ಪೂರ್ತಿ ಇಲ್ಲವಾಗುವುದಿಲ್ಲ. ಎರಡು ಹೆಸರುಗಳ ನಡುವೆ /**/ ಇಟ್ಟರೆ ಅವು ಅಂಟಿಕೊಳ್ಳುವುದಿಲ್ಲ. ಸ್ಟ್ಯಾಂಡರ್ಡ್ ಬರುವ ಮುಂಚಿನ ಕೆಲವು ಪ್ರೀಪ್ರೊಸೆಸರ್‌ಗಳಲ್ಲಿ (ಕಂಪೈಲಿಗೆ ಮುಂಚಿನ ಈ ಹಂತಗಳನ್ನು ಮಾಡುವ ಭಾಗ) ಅಂಟಿಕೊಳ್ಳುತ್ತಿದ್ದವು, ಅದನ್ನೇ ನಂಬಿ ಮ್ಯಾಕ್ರೊ ಬರೆದವರೂ ಇದ್ದರು. ಆ ಕೆಲಸಕ್ಕೆ ಈಗ ## ಇದೆ.

ಕಾಮೆಂಟ್ ಕೋಡನ್ನು ನುಂಗುವುದು

ಸಾಮಾನ್ಯವಾಗಿ ಕಾಣುವ ಪ್ರಕರಣ ಮುಚ್ಚದೇ ಬಿಟ್ಟ ಕಾಮೆಂಟ್.

```
ಎಣಿಕೆ = 0;     /* ಹೊಸ ಸುತ್ತು ಶುರು
ಮೊತ್ತ = 0;     /* ಹಿಂದಿನ ಸುತ್ತಿನದು ಬೇಡ */
ಗರಿಷ್ಠ = 0;
```

ಮೊದಲ ಸಾಲಿನಲ್ಲಿ ತೆರೆದ ಕಾಮೆಂಟ್ ಮುಚ್ಚಿಕೊಳ್ಳುವುದು ಎರಡನೇ ಸಾಲಿನ ಕೊನೆಯಲ್ಲಿ. ನಡುವೆ ಇದ್ದ ‘ಮೊತ್ತ = 0’ ಕಾಮೆಂಟಿನೊಳಗೆ ಸೇರಿಹೋಯಿತು. ವ್ಯಾಕರಣದ ಪ್ರಕಾರ ಉಳಿದ ಕೋಡ್ ಸರಿಯಾಗಿಯೇ ಇದೆ, ಕಂಪೈಲ್ ಆಗುತ್ತದೆ, ಮೊದಲ ಸುತ್ತಿನಲ್ಲಿ ಉತ್ತರವೂ ಸರಿ ಬರಬಹುದು. ಎರಡನೇ ಸುತ್ತಿನಿಂದ ಮೊತ್ತ ಬೆಳೆಯುತ್ತಾ ಹೋಗುತ್ತದೆ. ಜಿಸಿಸಿ ಮತ್ತು ಇನ್ನೊಂದು ಕಂಪೈಲರ್ ಕ್ಲ್ಯಾಂಗ್‌ನ -ಡಬ್ಲ್ಯುಕಾಮೆಂಟ್ ಎಚ್ಚರಿಕೆ ಇರುವುದೇ ಇದಕ್ಕೆ: ಕಾಮೆಂಟಿನ ಒಳಗೆ ಮತ್ತೊಂದು /* ಕಂಡರೆ ಅದು ಹೇಳುತ್ತದೆ. -ವಾಲ್ ಕೊಟ್ಟರೆ ಇದೂ ಬರುತ್ತದೆ. ಎಡಿಟರಿನ ಬಣ್ಣವೂ ಇಲ್ಲಿ ಒಳ್ಳೆಯ ಕಾವಲುಗಾರ. ಕೋಡಿನ ಸಾಲು ಕಾಮೆಂಟಿನ ಬಣ್ಣಕ್ಕೆ ತಿರುಗಿದರೆ ಕಣ್ಣಿಗೆ ಬೀಳುತ್ತದೆ.

ಪಾಯಿಂಟರ್ ಜೊತೆ ಭಾಗಾಕಾರ ಮಾಡುವಾಗಿನದು ಇನ್ನೊಂದು.

```
ಫಲ = ಭಾಜ್ಯ/*ಭಾಜಕ;    /* ಪಾಯಿಂಟರ್ ತೋರಿಸುವ ಬೆಲೆಯಿಂದ ಭಾಗಿಸು */
ಮೊತ್ತ += ಫಲ;
```

ಬರೆದವರ ಮನಸ್ಸಿನಲ್ಲಿ / ಭಾಗಾಕಾರ, * ಪಾಯಿಂಟರ್. ಕಂಪೈಲರಿಗೆ ಎರಡೂ ಸೇರಿ ಕಾಮೆಂಟಿನ ಆರಂಭ. ಟೋಕನ್ ಒಡೆಯುವಾಗ ಸಿ ಎಡದಿಂದ ಸಾಧ್ಯವಾದಷ್ಟು ಉದ್ದದ ತುಂಡನ್ನೇ ಎತ್ತಿಕೊಳ್ಳುತ್ತದೆ. ಆಗ ಕಣ್ಣೆದುರೇ ಸೆಮಿಕೋಲನ್ ಇದ್ದರೂ ‘ಸೆಮಿಕೋಲನ್ ಇಲ್ಲ’ ಎಂಬ ದೂರು ಬರುತ್ತದೆ. ಒಂದು ಸ್ಪೇಸ್ ಅಥವಾ ಬ್ರ್ಯಾಕೆಟ್ ಸಾಕು: ಭಾಜ್ಯ / *ಭಾಜಕ ಅಥವಾ ಭಾಜ್ಯ / (*ಭಾಜಕ).

/* */ ಒಂದರೊಳಗೊಂದು ಕೂರುವುದಿಲ್ಲ. ಒಳಗೆ ಎಷ್ಟು ಸಲ ತೆರೆದರೂ, ಮೊದಲು ಸಿಕ್ಕ */ ಎಲ್ಲವನ್ನೂ ಮುಚ್ಚಿಬಿಡುತ್ತದೆ. ಇದು ಪುಸ್ತಕಗಳಲ್ಲೆಲ್ಲ ಇದೆ. ಆದರೆ */ ಅನ್ನುವ ಜೋಡಿ ಕಾಮೆಂಟಿನ ವಾಕ್ಯದೊಳಗೇ ಬಂದುಬಿಡುವ ಸಂದರ್ಭದ ಬಗ್ಗೆ ಕಡಿಮೆ ಜನ ಎಚ್ಚರವಿರುತ್ತಾರೆ. ಕ್ರಾನ್ (ನಿಗದಿತ ಹೊತ್ತಿಗೆ ಪ್ರೋಗ್ರಾಮ್ ಓಡಿಸುವ ಟೂಲ್) ವೇಳಾಪಟ್ಟಿ ಅದಕ್ಕೆ ಒಳ್ಳೆಯ ಉದಾಹರಣೆ:

```
/* ಇದನ್ನು 5 ನಿಮಿಷಕ್ಕೊಮ್ಮೆ ಕ್ರಾನ್ ಓಡಿಸುತ್ತದೆ: */5 * * * *
   ಒಂದೇ ಹೊತ್ತಿಗೆ ಎರಡು ಪ್ರತಿ ಓಡದಂತೆ ಲಾಕ್ ಫೈಲ್ ಬೇಕು. */
```

ಕಾಮೆಂಟ್ 5ರ ಹಿಂದೆಯೇ ಮುಗಿಯಿತು. ಉಳಿದ ನಕ್ಷತ್ರಗಳೆಲ್ಲ ಗುಣಾಕಾರ ಆದವು. ಫೋಲ್ಡರ್ ದಾರಿಯಲ್ಲಿ ‘ಎಲ್ಲ ಉಪಫೋಲ್ಡರ್‌ಗಳು’ ಎಂದು ಹೇಳಲು /*/ ಬರೆದರೂ ಇದೇ ಗತಿ. ಇಂಥ ಪಠ್ಯವನ್ನು // ಬಗೆಯಲ್ಲಿ ಬರೆದರೆ ತೊಂದರೆ ಇಲ್ಲ.

ಹಾಗಂತ // ಸಾಧು ಅಂದುಕೊಳ್ಳಬೇಡಿ. ಅದರ ಕಾಟ ಬ್ಯಾಕ್‌ಸ್ಲ್ಯಾಷ್.

```
// ಲಾಗ್ ಫೈಲುಗಳು ಇರುವುದು ಡಿ:\ದಾಖಲೆ\
ಲಾಗ್_ತೆರೆ(ದಾರಿ);
```

ಸಾಲು ಜೋಡಣೆ 2ನೇ ಹಂತ, ಕಾಮೆಂಟ್ 3ನೇ ಹಂತ. ಹಾಗಾಗಿ ಎರಡನೇ ಸಾಲು ಮೊದಲನೆಯದಕ್ಕೆ ಅಂಟಿಕೊಂಡು ಕಾಮೆಂಟಿನ ಬಾಲವಾಗುತ್ತದೆ. ಲಾಗ್ ತೆರೆಯುವುದೇ ಇಲ್ಲ, ಎರರ್ ಕೂಡ ಇಲ್ಲ. ಬ್ಯಾಕ್‌ಸ್ಲ್ಯಾಷ್ ಆದಮೇಲೆ ಒಂದು ಸ್ಪೇಸ್ ಇದ್ದರೆ ಪಾರಾಗಬಹುದಲ್ಲ ಎಂದು ಕೇಳಬಹುದು. ಜಿಸಿಸಿ ಆ ಸ್ಪೇಸನ್ನು ಲೆಕ್ಕಕ್ಕೆ ಇಟ್ಟುಕೊಳ್ಳದೆ ಸಾಲನ್ನು ಜೋಡಿಸಿಯೇ ಬಿಡುತ್ತದೆ, ಬೇರೆ ಕೆಲವು ಕಂಪೈಲರ್‌ಗಳು ಜೋಡಿಸುವುದಿಲ್ಲ. ಅದೇ ಫೈಲು ಎರಡು ಕಡೆ ಎರಡು ಪ್ರೋಗ್ರಾಮ್. ಹಳೆಯ ಟ್ರೈಗ್ರಾಫ್ (ಒಂದು ಚಿಹ್ನೆಯ ಬದಲು ಮೂರು ಚಿಹ್ನೆ ಬರೆಯುವ ಪದ್ಧತಿ) ಚಾಲೂ ಇದ್ದರೆ ??/ ಕೂಡ ಬ್ಯಾಕ್‌ಸ್ಲ್ಯಾಷೇ, ‘ಇದು ಯಾಕೆ??/’ ಎಂದು ಸಾಲು ಮುಗಿಸಿದವರ ಮುಂದಿನ ಸಾಲು ಹೋಯಿತು. ಜಿಸಿಸಿ ಟ್ರೈಗ್ರಾಫನ್ನು ಡೀಫಾಲ್ಟ್ ಆಗಿ ಒಪ್ಪುವುದಿಲ್ಲ, ಕಟ್ಟುನಿಟ್ಟಿನ ಸಿ99, ಸಿ11ರಂಥ ಮೋಡ್‌ಗಳಲ್ಲಿ ಒಪ್ಪುತ್ತದೆ. ಸಿ23 ಅದನ್ನು ಭಾಷೆಯಿಂದಲೇ ತೆಗೆದುಹಾಕಿದೆ.

ಇದೇ ಕಾರಣಕ್ಕೆ ಹಲವು ಸಾಲಿನ ಮ್ಯಾಕ್ರೊ ಒಳಗೆ // ಹಾಕಬಾರದು.

```
#ಡಿಫೈನ್ ಅದಲುಬದಲು(ಅ, ಆ)              \
    ತಾತ್ಕಾಲಿಕ = (ಅ);  // ಮೊದಲ ಬೆಲೆ ಉಳಿಸು  \
    (ಅ) = (ಆ);                        \
    (ಆ) = ತಾತ್ಕಾಲಿಕ
```

(ಡು-ವೈಲ್ ಹೊದಿಕೆಯನ್ನು ಜಾಗ ಉಳಿಸಲು ಬಿಟ್ಟಿದ್ದೇನೆ.) ನಾಲ್ಕೂ ಸಾಲು ಜೋಡಿಸಿಕೊಂಡು ಒಂದಾದ ಮೇಲೆ // ಅದರ ನಂತರದ್ದನ್ನೆಲ್ಲ ತಿನ್ನುತ್ತದೆ. ಉಳಿಯುವುದು ‘ತಾತ್ಕಾಲಿಕ = (ಅ);’ ಒಂದೇ. ಅದಲುಬದಲು ಆಗುವುದಿಲ್ಲ, ಎರರ್ ಬರುವುದಿಲ್ಲ, -ಡಬ್ಲ್ಯುಕಾಮೆಂಟ್ ಮಾತ್ರ ಹಲವು ಸಾಲಿನ ಕಾಮೆಂಟ್ ಇದೆ ಎಂದು ಗೊಣಗುತ್ತದೆ. ಇಲ್ಲಿ /* */ ಬಳಸಿ. ಒಂದೇ ಸಾಲಿನ ಮ್ಯಾಕ್ರೊ ಕೊನೆಯಲ್ಲಿ // ಹಾಕಿದರೆ ತೊಂದರೆಯಿಲ್ಲ. ಮ್ಯಾಕ್ರೊ ಬಿಡಿಸುವ ಹೊತ್ತಿಗೆ ಕಾಮೆಂಟ್ ಆಗಲೇ ಸ್ಪೇಸ್ ಆಗಿರುತ್ತದೆ, ಬಳಸಿದ ಜಾಗಕ್ಕೆ ಹರಿದು ಬರುವುದಿಲ್ಲ.

ಸ್ಟ್ಯಾಂಡರ್ಡ್ ಬದಲಾದರೆ ಉತ್ತರವೇ ಬದಲಾಗುವ ಒಂದು ಸಾಲನ್ನೂ ನೋಡಿ:

```
ಉತ್ತರ = 8 //* ಎರಡರಿಂದ */ 2
;
```

ಸಿ90ಯಲ್ಲಿ ಮೊದಲ ಸ್ಲ್ಯಾಷ್ ಭಾಗಾಕಾರ, ಆಮೇಲೆ ಕಾಮೆಂಟ್, ಆಮೇಲೆ 2. ಉತ್ತರ 4. ಸಿ99ರಲ್ಲಿ ಎರಡು ಸ್ಲ್ಯಾಷ್ ಸಿಕ್ಕ ಕೂಡಲೇ ಸಾಲು ಮುಗಿಯಿತು, ಉತ್ತರ 8. ನಿಜವಾದ ಕೋಡಿನಲ್ಲಿ ಹೀಗೆ ಯಾರೂ ಬರೆಯುವುದಿಲ್ಲ, ಇಂಟರ್‌ವ್ಯೂ ಪ್ರಶ್ನೆ ಹುಡುಕುವವರನ್ನು ಬಿಟ್ಟು.

ಕೋಟ್ ಚಿಹ್ನೆಗಳ ಒಳಗಿನ // ಅಥವಾ /* ಕಾಮೆಂಟ್ ಅಲ್ಲ. ಸ್ಟ್ರಿಂಗಿನಲ್ಲಿ ವೆಬ್ ವಿಳಾಸ ಬರೆಯಲು ಹೆದರಬೇಕಿಲ್ಲ.

ಕೋಡನ್ನು ತಾತ್ಕಾಲಿಕವಾಗಿ ಆಫ್ ಮಾಡುವುದು

ಹತ್ತು ಸಾಲು ಕೋಡನ್ನು ಸದ್ಯಕ್ಕೆ ನಿಲ್ಲಿಸಬೇಕು, ಒಳಗೆ ಆಗಲೇ ಕಾಮೆಂಟ್‌ಗಳಿವೆ. ಸುತ್ತ /* */ ಹಾಕಿದರೆ ಒಳಗಿನ ಮೊದಲ */ ನಲ್ಲೇ ಮುಗಿದುಹೋಗುತ್ತದೆ. ಇದಕ್ಕೆ ಸರಿಯಾದ ಸಾಧನ #ಇಫ್ 0 ಮತ್ತು #ಎಂಡ್‌ಇಫ್. ಇವು ಒಂದರೊಳಗೊಂದು ಕೂರುತ್ತವೆ, ಒಳಗಿನ ಕಾಮೆಂಟ್‌ಗಳ ತಂಟೆಗೆ ಹೋಗುವುದಿಲ್ಲ, ಮತ್ತೆ ಆನ್ ಮಾಡಲು 0 ಇದ್ದಲ್ಲಿ 1 ಮಾಡಿದರೆ ಸಾಕು.

ಆದರೆ #ಇಫ್ 0 ಒಳಗೆ ಸಿ ಕೋಡ್ ಮಾತ್ರ ಇರಲಿ, ಟಿಪ್ಪಣಿ ಬರೆಯಬೇಡಿ. ಬಿಟ್ಟುಹಾಕುವ ಭಾಗವನ್ನೂ ಪ್ರೀಪ್ರೊಸೆಸರ್ ಟೋಕನ್‌ಗಳಾಗಿ ಒಡೆಯುತ್ತದೆ. ಕಾಮೆಂಟ್‌ಗಳು ಹೋಗುವುದು 3ನೇ ಹಂತದಲ್ಲಿ, #ಇಫ್ ಲೆಕ್ಕಕ್ಕೆ ಬರುವುದು 4ನೇ ಹಂತದಲ್ಲಿ. ಹೀಗಾಗಿ ಅಲ್ಲಿ ಜೋಡಿಯಿಲ್ಲದ ಒಂದು ಸಿಂಗಲ್ ಕೋಟ್ ಬಿದ್ದಿದ್ದರೆ, ಮುಚ್ಚುವ ಕೋಟ್ ಎಲ್ಲಿ ಎಂಬ ತಕರಾರು ಶುರುವಾಗುತ್ತದೆ. ಇಂಗ್ಲಿಷ್ ವಾಕ್ಯಗಳ ಅಪಾಸ್ಟ್ರಫಿ ಇದನ್ನು ಮಾಡುವುದು ಜಾಸ್ತಿ. ಮುಚ್ಚದ /* ಅಲ್ಲಿದ್ದರಂತೂ #ಎಂಡ್‌ಇಫ್ ಕೂಡ ಅದರ ಹೊಟ್ಟೆಗೆ ಹೋಗುತ್ತದೆ.

ಹೀಗೆ ಆಫ್ ಮಾಡಿದ ಕೋಡನ್ನು ಕಮಿಟ್ ಮಾಡಬಾರದು ಅನ್ನುವುದು ನನ್ನ ಅಭಿಪ್ರಾಯ. ಹಳೆಯದು ಬೇಕಾದರೆ ಗಿಟ್ (ಹಳೆಯ ಆವೃತ್ತಿಗಳನ್ನು ಕಾಪಾಡುವ ಟೂಲ್) ಇದೆ. ಆಫ್ ಆಗಿ ಕೂತ ಕೋಡನ್ನು ಯಾರೂ ಕಂಪೈಲ್ ಮಾಡುವುದಿಲ್ಲ; ಸುತ್ತಲಿನ ಸ್ಟ್ರಕ್ಚರ್ ಬದಲಾಗುತ್ತದೆ, ಫಂಕ್ಷನ್ ಹೆಸರು ಬದಲಾಗುತ್ತದೆ, ಆರು ತಿಂಗಳ ಮೇಲೆ 1 ಮಾಡಿದರೆ ನೂರು ಎರರ್. ವಾಹನ, ವೈದ್ಯಕೀಯ ಸಾಧನಗಳ ಸಾಫ್ಟ್‌ವೇರ್‌ನಲ್ಲಿ ಬಳಸುವ ಮಿಸ್ರಾ ಸಿ:2012 ನಿಯಮಾವಳಿಯ 4.4ನೇ ನಿರ್ದೇಶನ ಹೇಳುವುದೂ ಇದನ್ನೇ: ಕೋಡನ್ನು ಕಾಮೆಂಟ್ ಮಾಡಿ ಇಡಬಾರದು. ಅದರ 3.2ನೇ ನಿಯಮ // ಕಾಮೆಂಟಿನಲ್ಲಿ ಸಾಲು ಜೋಡಣೆಯನ್ನು ನಿಷೇಧಿಸುತ್ತದೆ, ಕಾರಣ ಮೇಲೆ ನೋಡಿದ್ದೇ.

ಕಾಮೆಂಟ್ ಹಾಕಿ ಕೋಡ್ ಆಫ್ ಮಾಡಿದ್ದರಿಂದಾದ ಅನಾಹುತಗಳಲ್ಲಿ ಹೆಸರಾದದ್ದು ಡೆಬಿಯನ್ ಲಿನಕ್ಸ್‌ನ ಓಪನ್‌ಎಸ್‌ಎಸ್‌ಎಲ್ (ಗೂಢಲಿಪಿ ಲೈಬ್ರರಿ) ಪ್ಯಾಕೇಜಿನದು. ರ‍್ಯಾಂಡಮ್ ಸಂಖ್ಯೆ ಹುಟ್ಟಿಸುವ ಫೈಲಿನಲ್ಲಿ, ಎರಡು ಬೇರೆ ಫಂಕ್ಷನ್‌ಗಳ ಒಳಗೆ, ಅಕ್ಷರಶಃ ಒಂದೇ ಥರದ ಎರಡು ಸಾಲುಗಳಿದ್ದವು. ಬಫರಿನಲ್ಲಿರುವುದನ್ನು ಹ್ಯಾಶಿಗೆ ಬೆರೆಸುವುದು ಎರಡರ ಕೆಲಸವೂ. ಒಂದರ ಪಕ್ಕ ‘ಪ್ಯೂರಿಫೈ ದೂರುತ್ತದೆ’ ಎಂಬ ಅರ್ಥದ ಪುಟ್ಟ ಕಾಮೆಂಟ್ ಇತ್ತು. ಪ್ಯೂರಿಫೈ ಅಂದರೆ ಮೆಮೊರಿ ತಪ್ಪು ಹಿಡಿಯುವ ಟೂಲ್. ಆ ಸಾಲು ತೆಗೆದರೂ ನಷ್ಟವಿರಲಿಲ್ಲ. ಇನ್ನೊಂದರ ಪಕ್ಕ ಏನೂ ಬರೆದಿರಲಿಲ್ಲ, ಆದರೆ ನಿಜವಾದ ರ‍್ಯಾಂಡಮ್ ಮಾಹಿತಿಯೆಲ್ಲ ಒಳಗೆ ಬರುತ್ತಿದ್ದದ್ದು ಅದರ ಮೂಲಕ. 2006ರಲ್ಲಿ, ಶುರುವಿನ ಬೆಲೆ ತುಂಬದ ಮೆಮೊರಿ ಓದುತ್ತಿದೆ ಎಂದು ಟೂಲ್ ಎಚ್ಚರಿಸಿದ್ದಕ್ಕೆ ಎರಡನ್ನೂ ಕಾಮೆಂಟ್ ಮಾಡಲಾಯಿತು. ಆಮೇಲೆ ಬದಲಾಗುವ ಅಂಶವಾಗಿ ಉಳಿದದ್ದು ಪ್ರೋಸೆಸ್ ಐಡಿ ಮಾತ್ರ, ಅಂದರೆ ಸುಮಾರು 32 ಸಾವಿರ ಸಾಧ್ಯತೆ. ಪತ್ತೆಯಾದದ್ದು 2008ರ ಮೇ ತಿಂಗಳಲ್ಲಿ. ಅಷ್ಟರೊಳಗೆ ಆ ಯಂತ್ರಗಳಲ್ಲಿ ಹುಟ್ಟಿದ, ದೂರದ ಯಂತ್ರಕ್ಕೆ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ಕೀಗಳನ್ನೆಲ್ಲ ಬಿಸಾಡಬೇಕಾಯಿತು. ಎರಡನೇ ಸಾಲಿನ ಮೇಲೆ ‘ಎಂಟ್ರೊಪಿ ಬರುವುದು ಇಲ್ಲಿಂದಲೇ, ಟೂಲ್ ಏನೇ ಹೇಳಿದರೂ ತೆಗೆಯಬೇಡಿ’ ಎಂದಿದ್ದರೆ ಕೈ ಹಾಕುವವರು ನಿಂತು ಯೋಚಿಸುತ್ತಿದ್ದರು.

ಹಾಗಾದರೆ ಏನು ಬರೆಯಬೇಕು

ನೋಡಿದರೆ ಬೇಡದ ಸಾಲಿನಂತೆ ಕಾಣುವ, ಆದರೆ ತೆಗೆದರೆ ಕೆಡುವ ಸಾಲಿಗೆ ಕಾಮೆಂಟ್ ಕಡ್ಡಾಯ. ಹಾರ್ಡ್‌ವೇರ್ ಕೋಡಿನಲ್ಲಿ ಇಂಥವು ಹೇರಳ:

```
/* ಸ್ಟೇಟಸ್ ರಿಜಿಸ್ಟರನ್ನು ಓದಿದಾಗಲೇ ಇಂಟರಪ್ಟ್ ಬಿಟ್ ಅಳಿಯುವುದು.
   ಓದಿದ ಬೆಲೆ ಬೇಕಿಲ್ಲ. ಈ ಸಾಲು ತೆಗೆದರೆ ಅದೇ ಇಂಟರಪ್ಟ್
   ಮತ್ತೆ ಮತ್ತೆ ಬಂದು ಮುಖ್ಯ ಲೂಪಿಗೆ ಸಮಯವೇ ಸಿಗುವುದಿಲ್ಲ. */
(ವಾಯ್ಡ್)ಸಾಧನ->ಸ್ಟೇಟಸ್;
```

ಇದರಲ್ಲಿ ಮೂರು ಸಂಗತಿಗಳಿವೆ: ಯಾಕೆ ಇದೆ, ಯಾವುದು ಮುಖ್ಯವಲ್ಲ, ತೆಗೆದರೆ ಏನು ಲಕ್ಷಣ ಕಾಣುತ್ತದೆ. ಮೂರನೆಯದನ್ನು ಬರೆಯುವವರು ಕಡಿಮೆ, ಆದರೆ ಡೀಬಗ್ ಮಾಡುವವರಿಗೆ ಅದೇ ಹೆಚ್ಚು ಬೇಕಾದದ್ದು. ಲಕ್ಷಣವನ್ನು ಹುಡುಕುತ್ತಾ ಬಂದವರಿಗೆ ಗ್ರೆಪ್ ಹುಡುಕಾಟದಲ್ಲಿ ಸಿಗುವುದೂ ಅದೇ. (ಸ್ಟೇಟಸ್ ಫೀಲ್ಡ್ ವೊಲಟೈಲ್, ಅಂದರೆ ಪ್ರತಿ ಓದನ್ನೂ ನಿಜಕ್ಕೂ ಮಾಡು ಎಂಬ ಗುರುತಿನದು, ಆಗಿರಲೇಬೇಕು, ಇಲ್ಲದಿದ್ದರೆ ಕಾಮೆಂಟ್ ಎಷ್ಟು ಚೆನ್ನಾಗಿದ್ದರೂ ಆಪ್ಟಿಮೈಸರ್ ಆ ಸಾಲನ್ನು ಎತ್ತಿಹಾಕುತ್ತದೆ.)

ಸರಳವಾಗಿ ಬರೆಯಬಹುದಾಗಿದ್ದನ್ನು ಸುತ್ತು ಬಳಸಿ ಬರೆದಿದ್ದರೂ ಕಾರಣ ಬೇಕು. ಬೈನರಿ ಸರ್ಚ್‌ನಲ್ಲಿ ಮಧ್ಯವನ್ನು (ಎಡ + ಬಲ) / 2 ಎಂದು ಬರೆಯದೆ ಎಡ + (ಬಲ - ಎಡ) / 2 ಎಂದು ಬರೆಯುವುದು ಕೂಡುವಾಗ ಇಂಟ್ ಮಿತಿ ಮೀರದಿರಲಿ ಎಂದು. ‘ಓವರ್‌ಫ್ಲೋ ತಪ್ಪಿಸಲು’ ಎಂಬ ಎರಡು ಪದ ಅಲ್ಲಿಲ್ಲದಿದ್ದರೆ ಯಾವುದಾದರೂ ಒಳ್ಳೆಯ ಮನಸ್ಸಿನವರು ಅದನ್ನು ಸರಳಗೊಳಿಸಿಬಿಡುತ್ತಾರೆ.

ಸಂಖ್ಯೆಗಳ ವಿಷಯದಲ್ಲಿ ಲೆಕ್ಕವನ್ನೇ ಬರೆಯಿರಿ. 65507 ಎಂಬ ಸಂಖ್ಯೆಯ ಪಕ್ಕ ‘ಗರಿಷ್ಠ ಗಾತ್ರ’ ಎಂದರೆ ಏನೂ ಹೇಳಿದಂತಾಗಲಿಲ್ಲ. ‘65535 - 20 ಐಪಿವಿ4 ಹೆಡರ್ - 8 ಯುಡಿಪಿ ಹೆಡರ್’ ಎಂದರೆ ಓದುವವರು ತಾವೇ ತಾಳೆ ನೋಡಬಹುದು. 32 ಬಿಟ್ ಇಂಟನ್ನು ದಶಮಾಂಶ ಪಠ್ಯವಾಗಿಸಲು 12 ಬೈಟಿನ ಬಫರ್ ಯಾಕೆ? -2147483648 ಬರೆಯಲು 11 ಅಕ್ಷರ, ಕೊನೆಗೆ ಶೂನ್ಯ ಬೈಟ್ ಒಂದು. ಈ ಲೆಕ್ಕ ಕಾಮೆಂಟಿನಲ್ಲಿದ್ದರೆ, ನಾಳೆ 64 ಬಿಟ್‌ಗೆ ಬದಲಾಯಿಸುವವರು 12 ಸಾಲದು, 21 ಬೇಕು ಎಂದು ತಕ್ಷಣ ಲೆಕ್ಕ ಹಾಕುತ್ತಾರೆ. ಇಲ್ಲದಿದ್ದರೆ ಟೈಪ್ ಮಾತ್ರ ಬದಲಾಗಿ ಬಫರ್ ಹಾಗೇ ಉಳಿಯುತ್ತದೆ, ದೊಡ್ಡ ಸಂಖ್ಯೆ ಬಂದ ದಿನ ಪಕ್ಕದ ಮೆಮೊರಿ ಕೆಡುತ್ತದೆ.

ಇನ್ನು ಫಂಕ್ಷನ್ ಕಾಮೆಂಟ್. ಸಿ ಭಾಷೆಯ ಟೈಪ್‌ಗಳು ಹೇಳದೆ ಬಿಡುವುದು ಬಹಳ. ಒಂದು ಪಾಯಿಂಟರ್ ಬಂತು ಅಂದರೆ ಅದು ಒಂದು ಅಂಶವೋ ಅರೇಯೋ, ನಲ್ ಆಗಬಹುದೋ, ಫ್ರೀ ಮಾಡುವವರು ಯಾರು, ಎಲ್ಲಿಯವರೆಗೆ ಬಾಳುತ್ತದೆ ಯಾವುದೂ ಟೈಪಿನಲ್ಲಿಲ್ಲ. ಇವೇ ಕಾಮೆಂಟಿನ ವಿಷಯ.

```
/**
 * ಸಾಲು_ಓದು - ಕಡತದಿಂದ ಒಂದು ಸಾಲನ್ನು ಬಫರಿಗೆ ಓದುತ್ತದೆ
 * @ಕಡತ: ಓದಲು ತೆರೆದಿರಬೇಕು, ಇಲ್ಲಿ ಮುಚ್ಚುವುದಿಲ್ಲ
 * @ಬಫರ್: ಕರೆಯುವವರದು, ನಲ್ ಆಗಬಾರದು
 * @ಗಾತ್ರ: ಬಫರಿನ ಒಟ್ಟು ಬೈಟ್, ಕೊನೆಯ ಶೂನ್ಯ ಬೈಟೂ ಸೇರಿ, ಕನಿಷ್ಠ 2
 *
 * ಸಾಲು ಬಫರಿಗಿಂತ ಉದ್ದವಿದ್ದರೆ ತುಂಬಿದಷ್ಟು ಕೊಟ್ಟು ನಿಲ್ಲುತ್ತದೆ,
 * ಉಳಿದದ್ದು ಮುಂದಿನ ಕರೆಗೆ ಸಿಗುತ್ತದೆ. ಬಫರ್ ಯಾವಾಗಲೂ ಶೂನ್ಯ
 * ಬೈಟಿನಲ್ಲೇ ಮುಗಿಯುತ್ತದೆ. ಎರಡು ಥ್ರೆಡ್ ಒಂದೇ ಕಡತದ ಮೇಲೆ
 * ಕರೆಯಬಾರದು.
 *
 * ಮರಳುವುದು: ಓದಿದ ಬೈಟ್ ಸಂಖ್ಯೆ; ಕಡತ ಮುಗಿದಿದ್ದರೆ 0;
 * ತಪ್ಪಾದರೆ ಋಣ ಸಂಖ್ಯೆ, ಆಗ ಬಫರಿನಲ್ಲಿರುವುದನ್ನು ನಂಬಬಾರದು.
 */
```

ಇದು ಲಿನಕ್ಸ್ ಕರ್ನಲ್‌ನ ಕರ್ನಲ್-ಡಾಕ್ ಮಾದರಿಗೆ ಹತ್ತಿರ. ಡಾಕ್ಸಿಜನ್ (ಕಾಮೆಂಟಿನಿಂದ ದಾಖಲೆ ತಯಾರಿಸುವ ಟೂಲ್) ಬಳಸುವವರು @ ಆದಮೇಲೆ ಪ್ಯಾರಮ್ ಎಂಬ ಪದ ಸೇರಿಸುತ್ತಾರೆ. ಎರಡೂ ಗುರುತಿಸುವುದು ಎರಡು ನಕ್ಷತ್ರದ /** ಆರಂಭವನ್ನು. ಡಾಕ್ಸಿಜನ್ ರೂಪದಲ್ಲಿ ಬರೆದರೆ ಒಂದು ಲಾಭ: ಕ್ಲ್ಯಾಂಗ್‌ಗೆ -ಡಬ್ಲ್ಯುಡಾಕ್ಯುಮೆಂಟೇಶನ್ ಕೊಟ್ಟರೆ, ಫಂಕ್ಷನ್ನಿನಲ್ಲಿ ಇಲ್ಲದ ಪ್ಯಾರಾಮೀಟರ್ ಹೆಸರು ಕಾಮೆಂಟಿನಲ್ಲಿ ಉಳಿದಿದ್ದರೆ ಎಚ್ಚರಿಸುತ್ತದೆ. ಅರ್ಥವನ್ನು ಪರೀಕ್ಷಿಸಲಾರದು, ಹೆಸರನ್ನಾದರೂ ಪರೀಕ್ಷಿಸುತ್ತದೆ.

ಈ ಕರಾರಿನ ಕಾಮೆಂಟ್ ಹೆಡರ್ ಫೈಲಿನಲ್ಲಿರಬೇಕೋ ಸಿ ಫೈಲಿನಲ್ಲೋ ಎಂಬ ಜಗಳ ಹಳೆಯದು. ಕರ್ನಲ್‌ನವರು ಫಂಕ್ಷನ್ ದೇಹದ ಮೇಲೆಯೇ ಇಡುತ್ತಾರೆ. ಲೈಬ್ರರಿಯಾಗಿ ಕೊಡುವುದಾದರೆ ಹೆಡರ್ ಸರಿ, ಬಳಸುವವರು ತೆರೆಯುವುದು ಅದನ್ನೇ. ಎಲ್ಲಾದರೂ ಇಡಿ, ಎರಡೂ ಕಡೆ ಮಾತ್ರ ಬೇಡ. ಒಂದನ್ನು ತಿದ್ದಿದವರು ಇನ್ನೊಂದನ್ನು ಮರೆಯುತ್ತಾರೆ.

ಕಾಮೆಂಟ್ ಬೇಡದ ಕಡೆ

‘ಎಣಿಕೆ++’ ಪಕ್ಕ ‘ಎಣಿಕೆಯನ್ನು ಒಂದು ಹೆಚ್ಚಿಸು’ ಬೇಡ ಅನ್ನುವುದು ಎಲ್ಲರಿಗೂ ಗೊತ್ತು. ಅದಕ್ಕಿಂತ ಉಪಯೋಗದ ಪ್ರಶ್ನೆ: ಈ ಕಾಮೆಂಟನ್ನು ಕಂಪೈಲರ್ ಪರೀಕ್ಷಿಸಬಲ್ಲ ರೂಪಕ್ಕೆ ತರಬಹುದೇ?

‘ಮಿಲಿಸೆಕೆಂಡಿನಲ್ಲಿ’ ಎಂಬ ಕಾಮೆಂಟ್ ಡಿಕ್ಲರೇಶನ್ನಿನ ಪಕ್ಕ ಒಂದೇ ಕಡೆ ಇರುತ್ತದೆ. ಕಾಯುವ_ಮಿಸೆ ಎಂಬ ಹೆಸರು ಬಳಸಿದ ಕಡೆಯೆಲ್ಲ ಇರುತ್ತದೆ. ‘ಈ ಪಟ್ಟಿಗೆ ಸೇರಿಸಿದರೆ ಕೆಳಗಿನ ಹೆಸರುಗಳ ಅರೇಗೂ ಸೇರಿಸಿ’ ಎಂಬ ಕಾಮೆಂಟನ್ನು ಜನ ಓದದೆ ದಾಟುತ್ತಾರೆ. ಅರೇಯ ಉದ್ದವೂ ಪಟ್ಟಿಯ ಉದ್ದವೂ ಒಂದೇ ಇರಬೇಕು ಎಂದು ಸಿ11ರ ಸ್ಟ್ಯಾಟಿಕ್ ಅಸರ್ಟ್ ಹಾಕಿದರೆ ಬಿಲ್ಡ್ ನಿಲ್ಲುತ್ತದೆ. ‘ನಲ್ ಕೊಡಬಾರದು’ ಅನ್ನುವುದಕ್ಕೆ ಜಿಸಿಸಿಯಲ್ಲಿ ನಾನ್‌ನಲ್ ಆಟ್ರಿಬ್ಯೂಟ್ ಇದೆ. ‘ಲಾಕ್ ಹಿಡಿದಿರುವಾಗ ಮಾತ್ರ ಕರೆಯಿರಿ’ ಅನ್ನುವುದನ್ನು ಕರ್ನಲ್‌ನಲ್ಲಿ ಲಾಕ್‌ಡೆಪ್ ಅಸರ್ಟ್ ಓಡುವಾಗಲೇ ಪರೀಕ್ಷಿಸುತ್ತದೆ.

ಸ್ವಿಚ್ ಒಳಗಿನ ‘ಫಾಲ್ ಥ್ರೂ’ ಕಾಮೆಂಟಿನ ಕಥೆ ಇದೇ ದಾರಿಯದು. ಬ್ರೇಕ್ ಹಾಕದೆ ಮುಂದಿನ ಕೇಸಿಗೆ ಬೇಕೆಂದೇ ಇಳಿಯುತ್ತಿದ್ದೇವೆ ಎಂದು ಹೇಳಲು ಲಿಂಟ್ ಎಂಬ ಹಳೆಯ ಕೋಡ್ ತಪಾಸಣೆ ಟೂಲಿನ ಕಾಲದಿಂದಲೂ ಕಾಮೆಂಟ್ ಹಾಕುವ ರೂಢಿ ಇತ್ತು. 2017ರಲ್ಲಿ ಬಂದ ಜಿಸಿಸಿ 7 ಇದಕ್ಕೊಂದು ಎಚ್ಚರಿಕೆ ತಂದಿತು, -ಡಬ್ಲ್ಯುಎಕ್ಸ್‌ಟ್ರಾ ಕೊಟ್ಟರೆ ಅದು ಚಾಲೂ. ವಿಚಿತ್ರವೆಂದರೆ ಈ ಒಂದು ಕಡೆ ಕಂಪೈಲರ್ ಕಾಮೆಂಟನ್ನು ನಿಜಕ್ಕೂ ಓದುತ್ತದೆ. ಎಚ್ಚರಿಕೆಗೆ 0ಯಿಂದ 5ರವರೆಗೆ ಮಟ್ಟಗಳಿವೆ. 1ರಲ್ಲಿ ಯಾವ ಕಾಮೆಂಟ್ ಇದ್ದರೂ ಒಪ್ಪಿಗೆ. ಡೀಫಾಲ್ಟ್ ಆದ 3ರಲ್ಲಿ ನಿರ್ದಿಷ್ಟ ಇಂಗ್ಲಿಷ್ ರೂಪಗಳು ಮಾತ್ರ; ‘ಕೆಳಗಿನ ಕೇಸಿಗೆ ಇಳಿ’ ಎಂದು ಕನ್ನಡದಲ್ಲಿ ಬರೆದರೆ ಅದಕ್ಕೆ ತಿಳಿಯದು. 5ರಲ್ಲಿ ಕಾಮೆಂಟನ್ನೇ ಒಪ್ಪುವುದಿಲ್ಲ, ಆಟ್ರಿಬ್ಯೂಟ್ ಬೇಕು. ಕ್ಲ್ಯಾಂಗ್ ಈ ಕಾಮೆಂಟ್‌ಗಳನ್ನು ಗಣನೆಗೇ ತೆಗೆದುಕೊಳ್ಳುವುದಿಲ್ಲ. ಪ್ರೀಪ್ರೊಸೆಸ್ ಮಾಡಿದ ಫೈಲನ್ನು ಪ್ರತ್ಯೇಕವಾಗಿ ಕಂಪೈಲ್ ಮಾಡುವ ವ್ಯವಸ್ಥೆಯಿದ್ದರೆ ಕಾಮೆಂಟ್ ಆಗಲೇ ಸ್ಪೇಸ್ ಆಗಿರುವುದರಿಂದ, ಇಲ್ಲದ ಎಚ್ಚರಿಕೆಗಳು ಏಳುತ್ತವೆ. ಹೊಸ ಕೋಡಿಗೆ ಆಟ್ರಿಬ್ಯೂಟೇ ಸರಿ. ಸಿ23ರಲ್ಲಿ ಅದು ಭಾಷೆಯದೇ ಭಾಗ. ಕರ್ನಲ್‌ನವರೂ ಕಾಮೆಂಟ್ ಬಿಟ್ಟು ಅದಕ್ಕೆಂದೇ ಒಂದು ಮ್ಯಾಕ್ರೊಗೆ ಬದಲಾಗಿದ್ದಾರೆ.

ಫೈಲಿನ ತಲೆಯಲ್ಲಿ ಯಾರು ಯಾವಾಗ ಏನು ಬದಲಿಸಿದರು ಎಂಬ ಪಟ್ಟಿ ಬೇಡ, ಅದು ಗಿಟ್‌ನ ಕೆಲಸ. ಲೈಸೆನ್ಸಿಗೆ ಎಸ್‌ಪಿಡಿಎಕ್ಸ್ (ಲೈಸೆನ್ಸ್ ಹೆಸರಿಸುವ ಗೊತ್ತಾದ ರೂಪ) ಸಾಲು ಒಂದು ಸಾಕು. ಕರ್ನಲ್‌ನಲ್ಲಿ ಆ ಸಾಲನ್ನು ಸಿ ಫೈಲಿಗೆ // ಬಗೆಯಲ್ಲೂ ಹೆಡರಿಗೆ /* */ ಬಗೆಯಲ್ಲೂ ಬರೆಯುತ್ತಾರೆ: ಹೆಡರ್‌ಗಳನ್ನು ಅಸೆಂಬ್ಲಿ ಫೈಲುಗಳೂ ಸೇರಿಸಿಕೊಳ್ಳುತ್ತವೆ, ಅಲ್ಲಿನ ಹಳೆಯ ಟೂಲ್‌ಗಳಿಗೆ // ಅರ್ಥವಾಗುತ್ತಿರಲಿಲ್ಲ. ಉದ್ದದ ಇಫ್‌ಡೆಫ್ ಕೊನೆಗೆ ಯಾವುದರ ಕೊನೆ ಎಂದು ಬರೆಯುವುದು ಒಳ್ಳೆಯ ಅಭ್ಯಾಸ, ಆದರೆ #ಎಂಡ್‌ಇಫ್ ಮುಂದೆ ಬರಿಯ ಹೆಸರು ಬರೆದರೆ ಎಚ್ಚರಿಕೆ ಬರುತ್ತದೆ, ಕಾಮೆಂಟಿನೊಳಗೆ ಹಾಕಿ. ಟುಡೂ ಬರೆಯುವುದಾದರೆ ಏನಾದ ಮೇಲೆ ತೆಗೆಯಬಹುದು ಅನ್ನುವುದನ್ನೂ ಬರೆಯಿರಿ. ‘ಟುಡೂ: ಸರಿಮಾಡು’ ಎಂಬುದನ್ನು ಯಾರೂ ಮುಟ್ಟುವುದಿಲ್ಲ.

ಕನ್ನಡದಲ್ಲಿ ಕಾಮೆಂಟ್

ಕಾಮೆಂಟಿನ ಒಳಗೆ ಯಾವ ಲಿಪಿ ಬೇಕಾದರೂ ಇರಬಹುದು. ಫೈಲು ಯುಟಿಎಫ್-8 ಆಗಿರಲಿ. ಅದರಲ್ಲಿ ಕನ್ನಡದ ಒಂದೊಂದು ಸಂಕೇತವೂ 3 ಬೈಟ್, ಮೂರೂ ಆಸ್ಕಿ ವ್ಯಾಪ್ತಿಯ ಹೊರಗೆ; ಆ ಬೈಟ್‌ಗಳಲ್ಲಿ ಆಕಸ್ಮಿಕವಾಗಿ * ಅಥವಾ ಬ್ಯಾಕ್‌ಸ್ಲ್ಯಾಷ್ ಮೂಡುವುದಿಲ್ಲ. (ಜಪಾನಿನ ಶಿಫ್ಟ್-ಜಿಸ್ ಎನ್‌ಕೋಡಿಂಗ್‌ನಲ್ಲಿ ಬ್ಯಾಕ್‌ಸ್ಲ್ಯಾಷ್ ಮೂಡುತ್ತದೆ, ಅಲ್ಲಿ // ಕಾಮೆಂಟಿನ ಕೊನೆಯ ಅಕ್ಷರ ಮುಂದಿನ ಸಾಲನ್ನು ನುಂಗಬಲ್ಲದು.) ಮೈಕ್ರೋಸಾಫ್ಟ್ ಕಂಪೈಲರ್ ಮಾತ್ರ, ಬಿಒಎಂ (ಎನ್‌ಕೋಡಿಂಗ್ ತಿಳಿಸುವ ಆರಂಭದ ಗುರುತು) ಇಲ್ಲದ ಫೈಲನ್ನು ಯಂತ್ರದ ಸ್ಥಳೀಯ ಕೋಡ್ ಪುಟದಲ್ಲಿದೆ ಎಂದುಕೊಳ್ಳುತ್ತದೆ, /ಯುಟಿಎಫ್-8 ಆಯ್ಕೆ ಕೊಡಿ. ಸಾಲಿನ ಬಲಕ್ಕೆ ಕಾಮೆಂಟ್‌ಗಳನ್ನು ಕಂಬದಂತೆ ಜೋಡಿಸುವ ಆಸೆ ಬೇಡ. ಒತ್ತಕ್ಷರದ ಅಗಲ ಎಡಿಟರಿನಿಂದ ಎಡಿಟರಿಗೆ ಬೇರೆ, ಹೆಸರುಗಳೂ ಕನ್ನಡದಲ್ಲಿದ್ದರೆ ಕಂಬ ಡೊಂಕಾಗುತ್ತದೆ. ಕಾಮೆಂಟನ್ನು ಕೋಡಿನ ಮೇಲಿನ ಸಾಲಿಗೆ ಹಾಕಿ.

2021ರಲ್ಲಿ ಹೊರಬಿದ್ದ ಟ್ರೋಜನ್ ಸೋರ್ಸ್ ದಾಳಿ ಕಾಮೆಂಟ್‌ಗಳನ್ನೇ ಬಳಸಿಕೊಂಡಿತ್ತು: ಬಲದಿಂದ ಎಡಕ್ಕೆ ತಿರುಗಿಸುವ ಕಾಣದ ಯೂನಿಕೋಡ್ ಸಂಕೇತಗಳನ್ನು ಕಾಮೆಂಟಿನಲ್ಲಿ ಅಡಗಿಸಿದರೆ, ಪರದೆಯ ಮೇಲೆ ಕೋಡ್ ಕಾಣುವ ಕ್ರಮವೂ ಕಂಪೈಲರ್ ಓದುವ ಕ್ರಮವೂ ಬೇರೆಯಾಗುತ್ತವೆ. ಜಿಸಿಸಿ 12ರಲ್ಲಿ ಇದಕ್ಕೆ -ಡಬ್ಲ್ಯುಬಿಡಿ-ಚಾರ್ಸ್ ಎಚ್ಚರಿಕೆ ಬಂದಿದೆ. ಕನ್ನಡ ಪಠ್ಯಕ್ಕೆ ಆ ಸಂಕೇತಗಳು ಬೇಕಾಗುವುದೇ ಇಲ್ಲ, ಕಂಡರೆ ಅನುಮಾನ ಪಡಬಹುದು.

ಬರೀ ಕಾಮೆಂಟ್ ತಿದ್ದಿದ ಕಮಿಟ್

‘ಕಾಮೆಂಟ್ ಮಾತ್ರ ಬದಲಾಗಿದೆ’ ಎಂದು ಬಂದ ಬದಲಾವಣೆಯನ್ನು ಕಣ್ಣಳತೆಯಲ್ಲಿ ಒಪ್ಪಬೇಕಾಗಿಲ್ಲ. ಹಳೆಯ ಫೈಲಿಗೂ ಹೊಸ ಫೈಲಿಗೂ ಬೇರೆ ಬೇರೆಯಾಗಿ

```
ಜಿಸಿಸಿ -ಇ -ಪಿ ಫೈಲು.ಸಿ
```

ಓಡಿಸಿ (ಇ, ಪಿ ಎರಡೂ ದೊಡ್ಡಕ್ಷರ). -ಇ ಪ್ರೀಪ್ರೊಸೆಸ್ ಮಾಡಿ ನಿಲ್ಲಿಸುತ್ತದೆ, ಕಾಮೆಂಟ್‌ಗಳೆಲ್ಲ ಹೋಗಿರುತ್ತವೆ. -ಪಿ ಸಾಲು ಸಂಖ್ಯೆಯ ಗುರುತುಗಳನ್ನು ಬಿಡುತ್ತದೆ. ಎರಡೂ ಔಟ್‌ಪುಟ್‌ಗಳನ್ನು ಸ್ಪೇಸ್ ಮತ್ತು ಖಾಲಿ ಸಾಲು ಬಿಟ್ಟು ಹೋಲಿಸುವಂತೆ ಡಿಫ್‌ಗೆ -ಡಬ್ಲ್ಯು -ಬಿ (ಚಿಕ್ಕಕ್ಷರದ ಡಬ್ಲ್ಯು, ದೊಡ್ಡಕ್ಷರದ ಬಿ) ಕೊಡಿ. ಏನೂ ಬರಬಾರದು. ಮೇಲೆ ನೋಡಿದ ನುಂಗಾಟಗಳಲ್ಲಿ ಯಾವುದಾದರೂ ಆಗಿದ್ದರೆ ಇಲ್ಲಿ ಸಿಕ್ಕಿಬೀಳುತ್ತದೆ. ಅಸರ್ಟ್ ಇರುವ ಸಾಲುಗಳಲ್ಲಿ ಮಾತ್ರ ವ್ಯತ್ಯಾಸ ಕಾಣಬಹುದು: ಅಸರ್ಟ್ ತನ್ನ ಸಾಲಿನ ಸಂಖ್ಯೆಯನ್ನು ಕೋಡಿನಲ್ಲಿ ಹುದುಗಿಸಿಕೊಳ್ಳುತ್ತದೆ, ಮೇಲೆ ಎರಡು ಸಾಲು ಕಾಮೆಂಟ್ ಸೇರಿಸಿದರೆ ಆ ಸಂಖ್ಯೆ ಎರಡು ಹೆಚ್ಚುತ್ತದೆ. ಎನ್‌ಡೀಬಗ್ ಮ್ಯಾಕ್ರೊ ಕೊಟ್ಟು ಮತ್ತೆ ಓಡಿಸಿದರೆ ಅದೂ ಹೋಗುತ್ತದೆ.